ಹುಂಜದ ಹೂಜಿಯ ತಳಕ್ಕೆ ಶಾಸನದ ಕಾಗದ

ಮೊದಲು ಆ ಹುಂಜದ ವಿಷಯ. ಮೂರು ವರ್ಷದ ಹಿಂದೆ, ಸೆಪ್ಟೆಂಬರ್ ಮೊದಲ ವಾರ, ಉತ್ತರ ಫ್ರಾನ್ಸಿನ ನಮ್ಮ ಲಿಲ್ ಪಟ್ಟಣದ ಬ್ರಾದ್ರಿ, ಅಂದರೆ ಹಳೆ ಸಾಮಾನಿನ ಸಂತೆ. ಹೋಟೆಲುಗಳ ಮುಂದೆ ಮಸ್ಸೆಲ್ ಚಿಪ್ಪಿನ ರಾಶಿ ಸೊಂಟದೆತ್ತರಕ್ಕೆ ಬೆಳೆದಿತ್ತು. ಒಬ್ಬ ಹುಡುಗ ಕಂಬಳಿ ಹಾಸಿಕೊಂಡು ಅಜ್ಜಿ ಮನೆಯ ಸಾಮಾನು ಮಾರುತ್ತಿದ್ದ. ಅದರಲ್ಲಿ ಒಂದು ಬಾರ್ಬೊತೀನ್ ಹುಂಜದ ಹೂಜಿ. ಬಾರ್ಬೊತೀನ್ ಅಂದರೆ ಬಣ್ಣಬಣ್ಣದ ಗ್ಲೇಜ್ ಹಚ್ಚಿ ಸುಟ್ಟ ಮಣ್ಣಿನ ಸಾಮಾನು. ಕೊಕ್ಕೇ ಸುರಿಯುವ ಬಾಯಿ, ಬಾಲವೇ ಹಿಡಿ, ಜುಟ್ಟಿನ ತುದಿಯಲ್ಲಿ ಒಂದು ಚಿಕ್ಕ ಚೂರು ಹಾರಿತ್ತು. ತಳ ತಿರುಗಿಸಿ ನೋಡಿದೆ. ಏನೋ ಒತ್ತಿದ್ದಾರೆ, ಆದರೆ ಗ್ಲೇಜ್, ಅಂದರೆ ಗಾಜಿನಂಥ ಲೇಪ, ಹರಿದು ಅರ್ಧ ತುಂಬಿಕೊಂಡಿದೆ. 35 ಯೂರೊ ಕೊಟ್ಟು ತಂದೆ.

ಇಂಥ ಹಳೆ ಮಾಲು ಕೂಡಿಡುವವರ ನಮ್ಮ ತಿಂಗಳ ಕೂಟದಲ್ಲಿ ಮೇಜಿನ ಮೇಲಿಟ್ಟಾಗ ಎಲ್ಲರೂ ಒಂದೇ ಬಾಯಲ್ಲಿ ‘ಸ್ಯಾಂ ಕ್ಲೆಮಾಂ’ ಅಂದರು. ಈ ಕಡೆ ಅದೊಂದು ಚಟ. ಗುರುತು ಓದಲಾಗದ ಹುಂಜ, ಬಾತು, ಗಿಳಿ ಯಾವುದೇ ಬರಲಿ, ಲೊರೇನ್ ಸೀಮೆಯ ಆ ಕಾರ್ಖಾನೆಯ ತಲೆಗೆ ಕಟ್ಟಿಬಿಡುತ್ತಾರೆ. ನನಗೆ ಒಪ್ಪಿಗೆಯಾಗಲಿಲ್ಲ. ಮಣ್ಣು ಸ್ವಲ್ಪ ಭಾರ ಅನಿಸಿತು, ತಳದ ಬಳೆಯನ್ನು ಒರೆಸಿದ ರೀತಿಯೂ ಬೇರೆ. ಆದರೆ ‘ಅನಿಸಿತು’ ಅಂದರೆ ಯಾರು ಕೇಳುತ್ತಾರೆ? ಗುರುತು ಓದಿ ತೋರಿಸಬೇಕು.

ಟಾರ್ಚನ್ನು ಓರೆಯಾಗಿ ಹಿಡಿದು ಫೋಟೊ ತೆಗೆಯುವುದನ್ನು ನೀವೆಲ್ಲ ಮಾಡುತ್ತೀರಿ, ನಾನೂ ಮಾಡಿದೆ. ಹತ್ತು ಫೋಟೊದಲ್ಲಿ ಹತ್ತು ಬೇರೆ ಬೇರೆ ಸಂಖ್ಯೆ ಕಂಡಿತು. ಬೆಳಕು ಎಡದಿಂದ ಬಂದರೆ 1, ಬಲದಿಂದ ಬಂದರೆ 7. ಗ್ಲೇಜಿನ ಹೊಳಪು ಮಧ್ಯೆ ಬಂದು ಒಂದು ಅಂಕಿಯನ್ನು ಪೂರ್ತಿ ನುಂಗಿಹಾಕುತ್ತಿತ್ತು. ಮೇಲೆ ಕಾಗದ ಹಾಕಿ ಪೆನ್ಸಿಲಿನಲ್ಲಿ ಉಜ್ಜುವುದನ್ನೂ ಮಾಡಿ ನೋಡಿದೆ. ಕಾಗದ ಗುಂಡಿಯೊಳಗೆ ಇಳಿಯುವುದಿಲ್ಲ, ಅಂಚು ಮಾತ್ರ ಬರುತ್ತದೆ.

ಆ ಭಾನುವಾರ ಮೈಸೂರಿಗೆ ಫೋನ್ ಮಾಡಿದ್ದೆ. ನಮ್ಮ ದೊಡ್ಡಪ್ಪ ಶಾಸನ ಇಲಾಖೆಯಲ್ಲಿದ್ದವರು, ವರ್ಷಗಟ್ಟಲೆ ಊರೂರು ತಿರುಗಿ ಪಡಿಯಚ್ಚು ತೆಗೆದವರು, ಅಂದರೆ ಕಲ್ಲಿನ ಅಕ್ಷರವನ್ನು ಕಾಗದಕ್ಕೆ ಇಳಿಸಿಕೊಂಡವರು. ಸುಮ್ಮನೆ ಮಾತಿಗೆ ಮಾತು ಬಂದು ಹೂಜಿಯ ಕತೆ ಹೇಳಿದೆ. ಅವರು ಕೇಳಿದ್ದು ಒಂದೇ: “ಉಜ್ಜಿದೆಯೇನಮ್ಮಾ, ಇಲ್ಲ ಬಡಿದೆಯೋ?” ಉಜ್ಜಿದೆ ಅಂದೆ. “ಉಜ್ಜಿದ್ರೆ ಮೇಲಿನ ಮೈ ಬರುತ್ತೆ. ಬಡಿದ್ರೆ ಒಳಗಿಂದು ಬರುತ್ತೆ. ಕಲ್ಲಾದ್ರೇನು, ಮಡಕೆಯಾದ್ರೇನು, ಕಾಗದ ನೆನೆಸಿ ಬಡಿ. ಕಾಗದ ಮಾತ್ರ ತೆಳ್ಳಗಿರಲಿ” ಅಂದರು.

ಚಿಕ್ಕವಳಿದ್ದಾಗ ನಾನೇ ನೋಡಿದ್ದೆ. ಹೊಲದ ಬದುವಿನ ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಗಟ್ಟಿ ಕೂದಲಿನ ಬ್ರಷ್ಷಿನಲ್ಲಿ ಟಪಟಪ ಬಡಿಯುತ್ತಿದ್ದರು. ಕಾಗದ ಅಕ್ಷರದ ಹಳ್ಳಕ್ಕೆ ಇಳಿದು ಕೂರುತ್ತಿತ್ತು. ಆಮೇಲೆ ಬಟ್ಟೆಯ ಉಂಡೆಗೆ ಮಸಿ ತಾಗಿಸಿ ಮೇಲೆ ಮೇಲೆ ಒತ್ತಿಕೊಂಡು ಹೋದರೆ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಎದ್ದು ಬರುತ್ತಿತ್ತು. ಅದನ್ನೇ ಎರಡು ಇಂಚಿನ ಜಾಗಕ್ಕೆ ಇಳಿಸಬೇಕಿತ್ತು, ಅಷ್ಟೆ.

ಅಷ್ಟೆ ಅಂದುಕೊಂಡೆ. ಅದಕ್ಕೆ ಹಿಡಿದದ್ದು ಹದಿನಾಲ್ಕು ತಿಂಗಳು.

ಮೊದಲ ಹೊಡೆತ ಬಿದ್ದದ್ದು ಒಂದು ಕರಡಿ ಬೊಂಬೆಯ ಮೇಲೆ. ಬಿಳಿ ಕ್ರಾಕ್ಲೆ, ಅಂದರೆ ಗ್ಲೇಜಿನ ತುಂಬ ಬೇಕೆಂದೇ ಕೂದಲೆಳೆ ಬಿರುಕು ಬಿಡಿಸಿದ್ದು. 1930ರ ಆಸುಪಾಸಿನ ಮಾಲು, ಆದ್ನೆ ಸಹೋದರರು ಅನ್ನುವ ಫ್ರೆಂಚ್ ವಿನ್ಯಾಸಕಾರರ ಪಾರಿವಾಳಗಳ ಜಮಾನದ್ದು. ಸಹಿ ಇಲ್ಲ, ಪಾದದ ಹಿಂದೆ ಮಾತ್ರ ಏನೋ ಗೀಚಿದ ಹಾಗಿತ್ತು. 120 ಯೂರೊ ಕೊಟ್ಟಿದ್ದೆ. ಒದ್ದೆ ಕಾಗದ ಹಾಕಿ, ಬಡಿದು, ಮಸಿ ಒತ್ತಿದೆ. ಮಸಿ ಕಾಗದ ದಾಟಿ ಕೂದಲೆಳೆ ಬಿರುಕುಗಳಿಗೆ ಇಳಿದುಬಿಟ್ಟಿತು. ಕರಡಿಯ ಕಾಲ ಮೇಲೆ ಕಪ್ಪು ಜೇಡರ ಬಲೆ. ಹೈಡ್ರೊಜನ್ ಪೆರಾಕ್ಸೈಡಿನಲ್ಲಿ ಮೂರು ದಿನ ನೆನೆಸಿದೆ, ಅದೂ ಕೆಲಸಕ್ಕೆ ಬರಲಿಲ್ಲ. ಮಸಿಯಲ್ಲಿರುವುದು ಇಂಗಾಲದ ಪುಡಿ, ಅದು ಬಿಳುಪಾಗುವುದಿಲ್ಲ. ಆ ಕರಡಿ ಈಗಲೂ ನನ್ನ ಕಿಟಕಿಯಲ್ಲಿದೆ. ಇಪ್ಪತ್ತು ಯೂರೊಗೂ ಯಾರೂ ಕೇಳುವುದಿಲ್ಲ. ಅವತ್ತಿನಿಂದ ಕ್ರಾಕ್ಲೆ ಮೈಗೆ ಒದ್ದೆಯದು ಏನನ್ನೂ ತಾಗಿಸಿಲ್ಲ. ಅಂಥದ್ದಕ್ಕೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಹಾಸಿ ಮೆತ್ತನೆಯ ಬ್ರಷ್ಷಿನಲ್ಲಿ ಒಣದಾಗಿಯೇ ಬಡಿಯುತ್ತೇನೆ. ಮುಟ್ಟಿದರೆ ಅಳಿಸಿಹೋಗುತ್ತದೆ, ಆದ್ದರಿಂದ ಅಲ್ಲೇ ಅಳತೆಪಟ್ಟಿ ಪಕ್ಕಕ್ಕಿಟ್ಟು ಫೋಟೊ ತೆಗೆಯಬೇಕು.

ಮಸಿಯನ್ನು ಬಿಟ್ಟು ಗ್ರಾಫೈಟ್ ಪುಡಿಗೆ ಬಂದೆ. ಕಾಗದದಲ್ಲಿ ಸುಮಾರು ಹತ್ತು ಬಗೆ ನೋಡಿದೆ: ಬೇಕರಿಯ ಕಾಗದ, ಸಿಗರೇಟು ಸುತ್ತುವ ಕಾಗದ, ಉಡುಗೊರೆ ಪೊಟ್ಟಣದೊಳಗಿನ ಟಿಶ್ಯೂ, ಪುಸ್ತಕ ರಿಪೇರಿಯವರ ಜಪಾನಿ ಕಾಗದ. ಕೊನೆಗೆ ಯಾವುದಕ್ಕೆ ನಿಂತೆ ಅನ್ನುವುದು ನನ್ನ ಹತ್ತಿರವೇ ಇರಲಿ. ಜಪಾನಿ ಕಾಗದದಿಂದ ಶುರು ಮಾಡಿದರೆ ನೀವು ದಾರಿ ತಪ್ಪುವುದಿಲ್ಲ.

ಹುಂಜದ ತಳದಿಂದ ಮೂರು ಅಂಕಿ ಎದ್ದು ಬಂದದ್ದು ಸುಮಾರು ಐದನೇ ತಿಂಗಳಿನಲ್ಲಿ. ಕೊನೆಯದು 7. ಆ 7ರ ಕಾಲಿನಲ್ಲಿ, ಕೆಳಗಿನಿಂದ ಮೂರನೇ ಒಂದು ಭಾಗದ ಎತ್ತರಕ್ಕೆ, ಎಡಗಡೆ ಒಂದು ಸಣ್ಣ ಕಚ್ಚು. ಫೋಟೊದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಕೆಲಸಗಾರನ ಕೈಯಲ್ಲಿದ್ದ ಉಕ್ಕಿನ ಅಂಕಿ-ಅಚ್ಚು ಎಂದೋ ಕೆಳಗೆ ಬಿದ್ದು ಮುಕ್ಕಾಗಿರಬೇಕು. ಹಸಿ ಮಣ್ಣಿಗೆ ಅದನ್ನು ಒತ್ತಿದಾಗಲೆಲ್ಲ ಆ ಮುಕ್ಕೂ ಜೊತೆಗೇ ಬಂದಿದೆ.

ಕೂಟದಲ್ಲಿ ತೋರಿಸಿದೆ. ನಮ್ಮಲ್ಲಿ ಮೂವತ್ತು ವರ್ಷದಿಂದ ಬಾರ್ಬೊತೀನ್ ಕೊಂಡು ಮಾರಿದ ಹಿರಿಯರೊಬ್ಬರಿದ್ದಾರೆ. ಕಾಗದ ಕೈಗೆ ತೆಗೆದುಕೊಂಡು ನೋಡಿ, “ಚೆನ್ನಾಗಿದೆ ಮದಾಂ, ಗೋಡೆಗೆ ಹಾಕಿ” ಅಂದರು. ಅವರ ತಕರಾರು ಸರಿಯಾದದ್ದೇ ಆಗಿತ್ತು. ಮೂರು ಅಂಕಿಯಿಂದ ಏನು ಗೊತ್ತಾಗುತ್ತದೆ? ಮಾದರಿ ಸಂಖ್ಯೆ ಎಲ್ಲ ಕಾರ್ಖಾನೆಯವರೂ ಒತ್ತಿದ್ದಾರೆ. ಒಂದೇ ಗಾತ್ರದ ಅಂಕಿ, ಒಂದೇ ಕೈ ಅಂತ ತೋರಿಸಬೇಕಾದರೆ ಅಳತೆ ಬೇಕು. “ಒದ್ದೆ ಕಾಗದದ ಅಳತೆಯನ್ನು ನಾನು ನಂಬುವುದಿಲ್ಲ” ಅಂದುಬಿಟ್ಟರು.

ಮನೆಗೆ ಬಂದು ಅದೇ ಹುಂಜದ ಅದೇ ಗುರುತಿನ ಪಡಿಯಚ್ಚು ಆರು ಸಲ ತೆಗೆದು ಅಳೆದೆ. ಮೂರು ಅಂಕಿಯ ಸಾಲು ಒಂದರಲ್ಲಿ 19 ಮಿಲಿಮೀಟರ್, ಇನ್ನೊಂದರಲ್ಲಿ 20, ಮತ್ತೊಂದರಲ್ಲಿ ಹತ್ತೊಂಬತ್ತೂವರೆ. ಅವರು ಹೇಳಿದ್ದು ನಿಜ. ಒದ್ದೆ ಕಾಗದ ಹಿಗ್ಗುತ್ತದೆ. ಹಸಿಯಿರುವಾಗಲೇ ಎಬ್ಬಿಸಿದರೆ ಎಳೆದ ಕಡೆ ಇನ್ನಷ್ಟು ಹಿಗ್ಗಿ, ಒಣಗುವಾಗ ತನಗೆ ಬಂದ ಹಾಗೆ ಕುಗ್ಗುತ್ತದೆ. ದೊಡ್ಡಪ್ಪನಿಗೆ ಹೇಳಿದರೆ, “ನಾವು ಕಲ್ಲಿನ ಮೇಲೇ ಒಣಗಕ್ಕೆ ಬಿಡ್ತಿದ್ವಲ್ಲ, ನೀನು ಯಾಕೆ ಅವಸರ ಮಾಡ್ತೀಯ?” ಅಂದರು. ಇಷ್ಟು ಮುಖ್ಯವಾದ ಮಾತು ಅವರ ಮಟ್ಟಿಗೆ ಹೇಳಬೇಕಾದದ್ದೇ ಆಗಿರಲಿಲ್ಲ.

ಮಡಕೆಯ ಮೇಲೇ ಒಣಗಲು ಬಿಟ್ಟರೆ ಗಾತ್ರ ನಿಲ್ಲುತ್ತದೆ, ಆದರೆ ಎಬ್ಬಿಸುವಾಗ ಕಾಗದ ಹರಿಯುತ್ತದೆ. ಗ್ಲೇಜ್ ಇಲ್ಲದ ತಳ ನೀರು ಹೀರಿಕೊಂಡು ಕಾಗದವನ್ನು ಕಚ್ಚಿ ಹಿಡಿಯುತ್ತದೆ. ಮುಂದಿನ ಏಳೆಂಟು ತಿಂಗಳು ಹೋದದ್ದು ಇದೊಂದಕ್ಕೇ. ನೆನೆಸುವ ನೀರಿಗೆ ಒಂದು ಪದಾರ್ಥವನ್ನು ಚಿಟಿಕೆಯಷ್ಟು ಬೆರೆಸಿದ ಮೇಲೆ ಸಮಸ್ಯೆ ತೀರಿತು. ಅದೇನೆಂದು ಇಲ್ಲಿ ಬರೆಯುವುದಿಲ್ಲ. ನಮ್ಮ ಎಲ್ಲರ ಅಡುಗೆಮನೆಯಲ್ಲೂ ಇದೆ. ಈಗ ಒಂದೇ ಗುರುತಿನ ಹತ್ತು ಪಡಿಯಚ್ಚು ತೆಗೆದರೂ ವ್ಯತ್ಯಾಸ ಕಾಲು ಮಿಲಿಮೀಟರ್ ದಾಟುವುದಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಅಳತೆ ಯಾಕೆ ಇಷ್ಟು ದೊಡ್ಡದು ಅಂದರೆ, ನಕಲಿ ಮಾಲು ಸಿಕ್ಕಿಬೀಳುವುದು ಅಲ್ಲೇ. ಹಳೆಯ ಅಸಲಿ ಬಾತಿನ ಮೇಲೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದು, ಅದರಲ್ಲಿ ಹೊಸದಾಗಿ ಎರಕ ಹೊಯ್ದರೆ ತಳದ ಗುರುತೂ ಸೇರಿ ಎಲ್ಲವೂ ಬರುತ್ತದೆ. ಆದರೆ ಆ ಹೊಸ ಮಣ್ಣು ಒಣಗಿ, ಆವಿಗೆಯಲ್ಲಿ ಸುಟ್ಟು, ಮತ್ತೊಮ್ಮೆ ಕುಗ್ಗುತ್ತದೆ. ನೂರಕ್ಕೆ ಐದರಿಂದ ಹತ್ತರವರೆಗೆ, ಮಣ್ಣಿನ ಮೇಲೆ ಹೋಗುತ್ತದೆ. ಬಾತಿನ ಎತ್ತರ ಅಳೆದು ಇದನ್ನು ಹಿಡಿಯಬಹುದಲ್ಲ ಅಂತೀರಿ. ಆಗುವುದಿಲ್ಲ, ಒಂದೇ ಮಾದರಿಯನ್ನು ಎರಡು ಮೂರು ಗಾತ್ರದಲ್ಲಿ ಮಾಡಿದ್ದಾರೆ, ತಳದ ಬಳೆಯನ್ನು ಉಜ್ಜಿದ್ದಾರೆ, ಜುಟ್ಟು ಮುರಿದಿರುತ್ತದೆ. ಗುರುತಿನ ಅಕ್ಷರ ಮಾತ್ರ ಹಾಗೇ ಇರುತ್ತದೆ. ಇನ್ನೊಂದು ಮಾತು: ಕಾರ್ಖಾನೆಯ ಸ್ವಂತ ಅಚ್ಚು ಸವೆದಾಗ ಅಕ್ಷರ ಮಸುಕಾಗುತ್ತದೆ, ಆದರೆ ಕುಗ್ಗುವುದಿಲ್ಲ. ಮಸುಕಾದರೆ ಮುದಿ ಅಚ್ಚು. ಮಸುಕೂ ಆಗಿ ಚಿಕ್ಕದೂ ಆಗಿದ್ದರೆ ಕೈಚೀಲ ಮುಚ್ಚಿಕೊಂಡು ಮನೆಗೆ ನಡೆಯಿರಿ. ಫೋಟೊಗೆ ಈ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಾಗದ ಒಂದಕ್ಕೆ ಒಂದರ ಅಳತೆಯಲ್ಲಿ ಬರುತ್ತದೆ. ಎರಡು ಪಡಿಯಚ್ಚನ್ನು ಒಂದರ ಮೇಲೊಂದಿಟ್ಟು ಕಿಟಕಿ ಗಾಜಿಗೆ ಹಿಡಿದರೆ ಮುಗಿಯಿತು.

ಮೊದಲ ಪರೀಕ್ಷೆ ಆಮಿಯಾಂ ಊರಿನ ಏಪ್ರಿಲ್ ಸಂತೆಯಲ್ಲಿ ಆಯಿತು. ಒಬ್ಬ ವ್ಯಾಪಾರಿಯ ಹತ್ತಿರ ಸ್ಯಾಂ ಕ್ಲೆಮಾಂ ಬಾತು ಇತ್ತು, 140 ಹೇಳುತ್ತಿದ್ದ. ನನ್ನ ಚೀಲದಲ್ಲಿ ಅದೇ ಮಾದರಿಯ ಅಸಲಿ ಬಾತಿನ ಪಡಿಯಚ್ಚು ಇತ್ತು, ಗುರುತಿನ ಉದ್ದ 22 ಮಿಲಿಮೀಟರ್. ಅವನ ಅಪ್ಪಣೆ ಕೇಳಿ ಅಲ್ಲೇ ಫಾಯಿಲ್ ಹಾಕಿ ಬಡಿದೆ. ಇಪ್ಪತ್ತೂವರೆ. ಅಕ್ಷರದ ಅಂಚೆಲ್ಲ ಸೋಪಿನ ಮೇಲಿನ ಹೆಸರಿನ ಹಾಗೆ ಕರಗಿತ್ತು. ಅವನು ಎರಡೂ ನೋಡಿ, ಬೆಲೆ ಚೀಟಿಯನ್ನು ತಾನೇ ಕಿತ್ತು ಜೇಬಿಗೆ ಹಾಕಿಕೊಂಡ. ಜೊತೆಗೆ ಬಂದಿದ್ದ ನಮ್ಮ ಹಿರಿಯರು ಅವತ್ತು ಏನೂ ಹೇಳಲಿಲ್ಲ. ಮುಂದಿನ ತಿಂಗಳು ತಮ್ಮ ಹನ್ನೊಂದು ಹೂಜಿಗಳನ್ನು ಹಳೆ ಪತ್ರಿಕೆಯಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಅದರಲ್ಲಿ ಎರಡರ ಗುರುತು ಚಿಕ್ಕದಾಗಿ ಬಂತು, ಅಂದರೆ ನಕಲಿ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ನನಗೇ ಸಂಕಟವಾಯಿತು.

ಇನ್ನು ದುಡ್ಡು. ಮೊದಲ ವರ್ಷ ಕಳೆದುಕೊಂಡದ್ದು ಒಟ್ಟು ಆರೇಳು ನೂರು ಯೂರೊ ಇರಬೇಕು. ಅದರಲ್ಲಿ ದೊಡ್ಡ ಪಾಲು ಒಂದೇ ಬೆಕ್ಕಿನದು. ಹಳದಿ ಮೈ, ನೀಲಿ ಹೃದಯದ ಚಿತ್ತಾರ, ಗಾಜಿನ ಕಣ್ಣು, ಪಾದದ ಹತ್ತಿರ ಹೆಸರಾಂತ ಫ್ರೆಂಚ್ ಕಲಾವಿದ ಎಮಿಲ್ ಗಾಲೆಯ ಹೆಸರು. ನೀವೆಲ್ಲ ಆ ಬೆಕ್ಕನ್ನು ಬಲ್ಲಿರಿ. ಅಸಲಿಗೆ ಸಾವಿರಗಟ್ಟಲೆ ಬೆಲೆ, ಆದ್ದರಿಂದ ನಕಲಿಗಳೂ ಲೆಕ್ಕವಿಲ್ಲದಷ್ಟು. 380 ಕೊಟ್ಟೆ. ಮನೆಗೆ ಬಂದು ಹತ್ತಿಗೆ ಅಸಿಟೋನ್ ತಾಗಿಸಿ ಹೆಸರಿನ ಮೇಲೆ ಎಳೆದರೆ ಹತ್ತಿ ಕಂದು ಬಣ್ಣವಾಯಿತು, ಬೆಕ್ಕಿನ ಕಾಲು ಬರಿದಾಯಿತು. ಸುಟ್ಟ ಗ್ಲೇಜಿನೊಳಗಿನ ಹೆಸರು ಅಸಿಟೋನಿಗೆ ಅಲುಗುವುದಿಲ್ಲ. ಬಣ್ಣದಲ್ಲಿ ಬರೆದ ಗುರುತಿಗೆ ನನ್ನ ಪಡಿಯಚ್ಚು ಉಪಯೋಗಕ್ಕೆ ಬರುವುದೂ ಇಲ್ಲ, ಅಲ್ಲಿ ಹತ್ತಿಯೇ ಗತಿ, ಅದೂ ಮಾರುವವನು ಒಪ್ಪಿದರೆ.

ಬ್ರಿಟನಿ ಸೀಮೆಯ ಕ್ಯಾಂಪೆರ್ ಊರಿನ ಮಾಲಿನ ವಿಷಯವೂ ಹಾಗೆಯೇ, ಗುರುತೆಲ್ಲ ಕುಂಚದ್ದು. ಅಲ್ಲಿ ಓದಿಕೊಂಡವರಿಗೆ ಲಾಭ. ಆನ್ರಿಯೊ ಮನೆತನದ ‘ಎಚ್‌ಆರ್’ ಕೂಡಕ್ಷರ ಪಕ್ಕದ ಕಾರ್ಖಾನೆಯ ‘ಎಚ್‌ಬಿ’ಯ ಹಾಗೇ ಕಾಣುತ್ತದೆ ಅಂತ ತಕರಾರು ಹುಟ್ಟಿ, 1922ರ ಹೊತ್ತಿಗೆ ಅವರು ಪೂರ್ತಿ ಹೆಸರು ಬರೆಯಲು ಶುರುಮಾಡಿದರು. ಹಾಗಾಗಿ ಹಂಸದ ಹೊಟ್ಟೆಯ ಕೆಳಗೆ ಬರೀ ‘ಎಚ್‌ಆರ್’ ಇದ್ದರೆ ಅದಕ್ಕಿಂತ ಹಿಂದಿನದು. ಮಾಲಿಕೊರ್ನ್ ಅನ್ನುವ ಇನ್ನೊಂದು ಊರಿನ ಮಾಲಿನ ‘ಪಿಬಿ’ ಗುರುತಿನ ಬಾಲದಲ್ಲಿ ಒಂದು ಚಿಕ್ಕ ‘ಎಕ್ಸ್’ ಇರುತ್ತದೆ, ಅದನ್ನು ಗಮನಿಸದೆ ‘ಪಿಬಿ’ ಅಂತಲೇ ಬರೆಯುತ್ತಿದ್ದ ಕ್ಯಾಂಪೆರಿನ ಪೋರ್ಕಿಯೇ-ಬೊ ಕಾರ್ಖಾನೆಯದು ಅಂತ ದುಡ್ಡು ಸುರಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಳದಲ್ಲಿ ಬಣ್ಣದಲ್ಲಿ ಎಳೆದ ಒಂಟಿ ಅಕ್ಷರ, ಚುಕ್ಕೆ, ಗೀಟುಗಳು ಬಣ್ಣ ಹಚ್ಚಿದವರ ಗುರುತು, ಕಾರ್ಖಾನೆಯದಲ್ಲ. ಅವುಗಳ ಹಿಂದೆ ಹೋಗಿ ನಾನು ಎರಡು ತಿಂಗಳು ಹಾಳುಮಾಡಿಕೊಂಡೆ.

‘ಫ್ರಾನ್ಸ್’ ಅಂತ ಒತ್ತಿದ್ದರೆ 1891ರ ನಂತರದ್ದು ಅನ್ನುವುದು ಎಲ್ಲರ ಬಾಯಲ್ಲೂ ಇದೆ, ಅಮೆರಿಕದ ಸುಂಕದ ಕಾನೂನಿನ ಲೆಕ್ಕ. ಆದರೆ ಅದು ಹಡಗು ಹತ್ತಿದ ಮಾಲಿನ ಮಾತು. ಇಲ್ಲೇ ಸಂತೆಗೆ ಹೋದ ಹುಂಜಕ್ಕೆ ದೇಶದ ಹೆಸರು ಯಾಕೆ ಬೇಕಿತ್ತು? ಇಲ್ಲ ಅಂದಮಾತ್ರಕ್ಕೆ ಹಳೆಯದು ಅನ್ನಬೇಡಿ. ಲೊರೇನಿನ ಸಾರ್‌ಗೆಮಿನ್ ಊರಿನ ಕಾರ್ಖಾನೆಯ ವಿಷಯದಲ್ಲಿ ಗುರುತಿನೊಳಗಿನ ಊರಿನ ಹೆಸರೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. 1871ರಲ್ಲಿ ಆ ಊರು ಜರ್ಮನಿಯ ಪಾಲಾಯಿತು. ಫ್ರಾನ್ಸಿನೊಳಗೆ ಸುಂಕವಿಲ್ಲದೆ ಮಾರಬೇಕೆಂದು ಅವರು ದಿಗ್ವಾಂ ಮತ್ತು ವಿತ್ರಿ-ಲ-ಫ್ರಾಂಸ್ವಾ ಊರುಗಳಲ್ಲಿ ಕಾರ್ಖಾನೆ ತೆರೆದರು. ಗುರುತಿನಲ್ಲಿ ದಿಗ್ವಾಂ ಇದ್ದರೆ ಅದು ಆ ಒಡಕಿನ ನಂತರದ್ದು. ಲೊರೇನಿನದೇ ಲ್ಯುನೆವಿಲ್ ಊರಿನ ಕಾರ್ಖಾನೆಯವರಾದ ಕೆಲ್ಲೆರ್ ಮತ್ತು ಗೆರ‍್ಯಾಂ ಅವರು ಸ್ಯಾಂ ಕ್ಲೆಮಾಂ ಕೊಂಡದ್ದು 1892ರಲ್ಲಿ. ಆಮೇಲಿನ ಮಾಲಿನಲ್ಲಿ ಎರಡು ಊರಿನ ಕೈವಾಡ ಬೆರೆತಿರುವುದು ಸಹಜ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಊರ ಕಡೆ ಶಾಸನ ಹುಡುಕುವ ಹುಡುಗರು ಕಲ್ಲಿನ ಮೇಲೆ ಹಿಟ್ಟು ಸವರಿ ಓದುತ್ತಾರಲ್ಲ, ಅದನ್ನು ಕಡು ಹಸಿರು, ಕಡು ಕಂದು ಗ್ಲೇಜಿನ ತಳಗಳಿಗೆ ಹಚ್ಚಿ ನೋಡಿದೆ. ಅಕ್ಕಿ ಹಿಟ್ಟು ಚೆನ್ನಾಗಿ ಕೂರುತ್ತದೆ. ದಕ್ಷಿಣ ಫ್ರಾನ್ಸಿನ ವಲೋರಿಸ್ ಊರಿನ ಕುಂಬಾರ ದೆಲ್ಫ್ಯಾಂ ಮಸ್ಸಿಯೇ ಅವರ ಕಡೆಯದು ಎನ್ನಲಾದ ಒಂದು ಪುಟ್ಟ ಬಾತಿನ ಮೇಲೆ ಹೀಗೇ ‘ಎ.ಎಂ.’ ಅನ್ನುವುದು ಹೊರಬಂತು. ಅದು ಸಹಿಯಲ್ಲ, ಆಲ್ಪ್-ಮಾರಿತೀಮ್ ಜಿಲ್ಲೆಯ ಹೆಸರು. ವಲೋರಿಸ್ ಇರುವುದು ಆ ಜಿಲ್ಲೆಯಲ್ಲೇ. ಅರಿಶಿನ ಪುಡಿಯನ್ನೂ ಒಮ್ಮೆ ಹಾಕಿದೆ. ಬಣ್ಣ ಹಿಡಿದು ವಾರಗಟ್ಟಲೆ ಹೋಗಲಿಲ್ಲ, ಆ ದಾರಿ ಬೇಡ. ಬೆಂಗಳೂರಿನಲ್ಲಿ ಶಾಸನಗಳನ್ನು ತ್ರೀ-ಡಿ ಸ್ಕ್ಯಾನ್ ಮಾಡುತ್ತಿರುವುದನ್ನು ಓದಿ ಫೋನಿನಲ್ಲೇ ಎಂಬತ್ತು ತೊಂಬತ್ತು ಫೋಟೊ ತೆಗೆದು ಜೋಡಿಸಲು ಹೋದೆ. ಕಲ್ಲಿಗೆ ಸರಿ, ಹೊಳೆಯುವ ಗ್ಲೇಜಿಗೆ ಅಲ್ಲ. ಪ್ರತಿ ಫೋಟೊದಲ್ಲಿ ಹೊಳಪು ಜಾಗ ಬದಲಿಸಿ, ನಾನು ತೆಗೆದ ಹಂದಿ ಬೊಂಬೆಯ ತಳ ಅಲೆ ಎದ್ದ ಕೆರೆಯ ಹಾಗೆ ಬಂತು. ಯುವಿ ಟಾರ್ಚು ಗುರುತು ಓದಲು ಏನೂ ಉಪಯೋಗವಿಲ್ಲ, ಆದರೆ ಅಂಟು ಹಾಕಿದ ಜಾಗ, ಹೊಸ ಬಣ್ಣದ ತೇಪೆ ಬೇರೆಯಾಗಿ ಹೊಳೆಯುತ್ತವೆ. ಹದಿನೈದು ಯೂರೊಗೆ ಅದಕ್ಕಿಂತ ಒಳ್ಳೆಯ ಸಾಮಾನು ನಾನು ಕೊಂಡಿಲ್ಲ.

ಹುಂಜಕ್ಕೆ ಬರುತ್ತೇನೆ. ವಲಾಂಸಿಯೆನ್ ಹತ್ತಿರದ ಹಳ್ಳಿಯ ಒಬ್ಬ ಅಜ್ಜಿ ತಮ್ಮ ಅಡುಗೆಮನೆಯ ಕಪಾಟಿನ ಮೇಲೆ ಇಂಥದೇ ಹುಂಜ ಇದೆ ಅಂತ ಪರಿಚಯದವರ ಮೂಲಕ ಹೇಳಿ ಕಳಿಸಿದರು. ನಮ್ಮ ಮನೆಯಿಂದ ಐವತ್ತು ಕಿಲೋಮೀಟರ್ ಚಿಲ್ಲರೆ. ಹೋದೆ. ಅವರ ಹುಂಜದ ತಳದಲ್ಲಿ ಗ್ಲೇಜ್ ತುಂಬಿರಲಿಲ್ಲ. ಒನ್ಯಾಂ ಕಾರ್ಖಾನೆಯ ಹೆಸರು ಬರಿಗಣ್ಣಿಗೇ ಓದುವ ಹಾಗಿತ್ತು, ಪಕ್ಕದಲ್ಲಿ ಮೂರು ಅಂಕಿ. 1821ರಲ್ಲಿ ಶುರುವಾಗಿ 1938ರಲ್ಲಿ ಬಾಗಿಲು ಹಾಕಿದ ಕಾರ್ಖಾನೆ ಅದು, ಆ ಅಜ್ಜಿಯ ಮನೆಯಿಂದ ನಡೆದು ಹೋಗುವಷ್ಟು ದೂರ. ಅವರ ತಾಯಿಯ ಕಡೆಯವರು ಅಲ್ಲೇ ಕೆಲಸಕ್ಕಿದ್ದರಂತೆ. ಕಾಫಿ ಮುಗಿಯುವಷ್ಟರಲ್ಲಿ ಪಡಿಯಚ್ಚು ಒಣಗಿತ್ತು. ನನ್ನದನ್ನು ಅದರ ಮೇಲಿಟ್ಟು ಅವರ ಅಡುಗೆಮನೆಯ ಕಿಟಕಿಗೆ ಹಿಡಿದೆ. ಅಂಕಿಗಳ ನಡುವಿನ ಅಂತರ ಬೇರೆ, ಕೈಯಿಂದ ಒಂದೊಂದಾಗಿ ಒತ್ತಿದ್ದಲ್ಲವೇ, ಇರಲೇಬೇಕು. ಆದರೆ 7ರ ಮೇಲೆ 7 ಕೂತಿತು. ಅದೇ ಎತ್ತರ, ಅದೇ ಕಚ್ಚು, ಕಾಲಿನ ಅದೇ ಜಾಗದಲ್ಲಿ. ಅಜ್ಜಿ ಕನ್ನಡಕ ಹಾಕಿಕೊಂಡು ಬಂದು ಬೆರಳಿಟ್ಟು ನೋಡಿದರು.

ಸಂಖ್ಯೆಯನ್ನು ಈಗಲೇ ಹೇಳುವುದಿಲ್ಲ. ಅದೇ ಮುಕ್ಕು 7 ಇರುವ ಇನ್ನೂ ಎರಡು ಮಾದರಿ ನನ್ನ ಕಣ್ಣಿಗೆ ಬಿದ್ದಿವೆ, ಮಾರುವವರಿಗೆ ಅವು ಏನೆಂದು ಗೊತ್ತಿಲ್ಲ. ಹುಂಜಕ್ಕೆ 180 ಯೂರೊ ಕೊಡುತ್ತೇನೆಂದು ಬ್ರಸೆಲ್ಸ್‌ನ ನಮ್ಮ ಕನ್ನಡದ ಗೆಳೆಯರೊಬ್ಬರು ಕೇಳಿದರು, ಕೊಡಲಿಲ್ಲ. ಇಲ್ಲಿಯವರೆಗೆ ತೆಗೆದ ಪಡಿಯಚ್ಚು ಸುಮಾರು ನೂರೈವತ್ತು. ಅದರಲ್ಲಿ ತೊಂಬತ್ತರಷ್ಟಕ್ಕೆ ಕಾರ್ಖಾನೆ ಗೊತ್ತಾಗಿದೆ, ಹದಿನೈದಿಪ್ಪತ್ತು ನನ್ನದೇ ತಪ್ಪು ಅಂತ ಆಮೇಲೆ ತಿದ್ದಿಕೊಂಡಿದ್ದೇನೆ. ಉಳಿದವು ಶೂ ಡಬ್ಬಿಯಲ್ಲಿ ಜೊತೆಗಾಗಿ ಕಾಯುತ್ತಿವೆ. ಕಳೆದ ತಿಂಗಳು ಹುಂಜದ ಪಡಿಯಚ್ಚಿನ ಒಂದು ಪ್ರತಿಯನ್ನು ಮೈಸೂರಿಗೆ ಅಂಚೆಯಲ್ಲಿ ಕಳಿಸಿದೆ. ದೊಡ್ಡಪ್ಪ ಫೋನ್ ಮಾಡಿ, “ಬಲಗಡೆ ಮೂಲೇಲಿ ಬಡಿತ ಸಾಲದು, ಅಲ್ಲಿ ಇನ್ನೊಂದು ಗುರುತು ಇರೋ ಹಾಗಿದೆ, ಮತ್ತೆ ತೆಗಿ” ಅಂದರು. ಕಾಗದ ನೆನೆಹಾಕಿದ್ದೇನೆ.